ಕೆಂಪು ಗೆರೆಯ ಹೆಸರುಗಳು ಮತ್ತು ನಮ್ಮ ಲೈಬ್ರರಿ ಸರ್

ಹೋದ ತಿಂಗಳು ಬೀದರಿನಲ್ಲಿ ಲೈಬ್ರರಿ ಸರ್ ಅವರ ಶ್ರದ್ಧಾಂಜಲಿ ಸಭೆ ಆಯಿತು. ನನ್ನನ್ನೂ ಕರೆದಿದ್ದರು. ಐದು ಜನ ಮಾತಾಡಿದರು. ಮೊದಲನೆಯವರು, ಸರ್ ನಮ್ಮ ಸಂಸ್ಥೆಗೆ ಕಂಪ್ಯೂಟರ್ ತಂದವರು ಎಂದರು. ಎರಡನೆಯವರು ಎದ್ದು, ಕಂಪ್ಯೂಟರ್ ತಂದದ್ದು ತಾವು, ಸರ್ ಅದನ್ನು ಬಳಸಿದವರು ಎಂದು ತಿದ್ದಿದರು. ಮೂರನೆಯವರ ಮಾತು ಸರ್ ಹೆಸರಿನಿಂದ ಶುರುವಾಗಿ ತಮ್ಮ ಮಗನ ಪ್ರಮೋಷನ್ನಿನಲ್ಲಿ ಮುಗಿಯಿತು. ಉಳಿದಿಬ್ಬರು ಸಮಯದ ಅಭಾವದಿಂದ ಚುಟುಕಾಗಿ ಮಾತಾಡುತ್ತೇವೆ ಎಂದು ಹೇಳಿ ಒಂದು ತಾಸು ತೆಗೆದುಕೊಂಡರು.

ಕೊನೆಗೆ ಸರ್ ಅವರ ಮಗಳು ನನ್ನ ಹತ್ತಿರ ಬಂದು, "ನೀವೂ ಎರಡು ಮಾತಾಡ್ರಿ ಅಮ್ಮಾ, ಅಪ್ಪಾಜಿ ಸಂಗಾಟ ಭಾಳ ವರ್ಷ ಇದ್ದವರು ನೀವೇ" ಎಂದಳು. ನಾನು ಸೆರಗಿನ ತುದಿ ಹಿಡಿದುಕೊಂಡು, "ಗಂಟಲು ಕೂತದವ್ವಾ" ಎಂದೆ. ಗಂಟಲು ಸರಿಯಾಗಿಯೇ ಇತ್ತು. ಕೂತದ್ದು ನಾನು. ಆ ಎರಡು ಮಾತನ್ನೇ ಈಗ ನಿಮಗೆ, ನನ್ನ ಮೊಮ್ಮಕ್ಕಳಿಗೆ, ಬರೆಯುತ್ತಿದ್ದೇನೆ. ಎರಡಕ್ಕಿಂತ ಹೆಚ್ಚಾದರೆ ಸಭೆಯ ಗಾಳಿ ನನಗೂ ಬಡಿದಿದೆ ಎಂದು ತಿಳಿಯಿರಿ.

ಸರ್ ಹೆಸರು ಬರೆಯುವುದಿಲ್ಲ. ಬರೆದರೆ ಇನಿಶಿಯಲ್ ಹಿಂದೆ ಮುಂದೆ ಮಾಡುತ್ತೇನೆ. ಆ ಒಂದು ತಪ್ಪನ್ನು ಅವರು ಯಾರಿಗೂ ಕ್ಷಮಿಸಿದವರಲ್ಲ. ಸಂಸ್ಥೆಯ ಹೆಸರೂ ಬೇಡ. ಬೀದರ ಊರಿನಲ್ಲಿ ಒಂದು ಕಾಲೇಜು, ಭಾಲ್ಕಿ ಮತ್ತು ಔರಾದ ಕಡೆಯ ಹಳ್ಳಿಗಳಲ್ಲಿ ಕೆಲವು ಸಾಲಿಗಳು, ನೀವು ಶಾಲೆ ಎನ್ನುತ್ತೀರಿ, ಅದರವು, ಅಷ್ಟು ಸಾಕು.

ನಿಮ್ಮ ತಾತ ಆ ಸಂಸ್ಥೆಯ ಜೀಪು ಓಡಿಸುತ್ತಿದ್ದರು. ಅವರು ಹೋದ ಮೇಲೆ ಆಡಳಿತ ಮಂಡಳಿಯವರು ನನ್ನನ್ನು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಎಂದು ತೆಗೆದುಕೊಂಡರು. ನಾನು ಮೆಹಕರದ ಸರ್ಕಾರಿ ಸಾಲಿಯಲ್ಲಿ ಏಳನೇ ಇಯತ್ತೆ ತನಕ ಓದಿದವಳು. ಭಾಲ್ಕಿಯಿಂದ ಬೆಳಗಿನ ರೈಲಿಗೆ ಬಂದು, ಮೊದಲ ದಿನ ಬಾಗಿಲ ಬಳಿ ನಿಂತಿದ್ದೆ. ಸರ್ ಕನ್ನಡಕದ ಮೇಲಿಂದ ನೋಡಿದರು.

"ಓದಕ್ಕ ಬರ್ತದೇನ್ರಿ?"

"ಬರ್ತದ್ರಿ. ಖರೆ ಮಂದಿ ಮುಂದ ಜೋರಾಗಿ ಓದಕ್ಕ ಬರೂದಿಲ್ರಿ."

"ಲೈಬ್ರರಿಗಿ ಅಂಥವರೇ ಬೇಕು. ಬರ್ರಿ ಒಳಗ."

ಅವರಿಂದ ನನಗೆ ಸಿಕ್ಕ ಮೊದಲ ಶಾಭಾಸಕಿ ಅದು. ಎರಡನೆಯದಕ್ಕೆ ಎಂಟು ವರ್ಷ ಕಾಯಬೇಕಾಯಿತು.

ಸಣಕಲು ಮನುಷ್ಯ. ದೀಪಾವಳಿಗೆ ಹಾಕಿದ ತೋಳಿಲ್ಲದ ಸ್ವೆಟರನ್ನು ಹೋಳಿ ಸುಟ್ಟ ಮೇಲೆಯೇ ತೆಗೆಯುತ್ತಿದ್ದರು, ನಡುವೆ ಎಷ್ಟೇ ಬಿಸಿಲು ಬೀಳಲಿ. ಅಂಗಿಯ ಜೇಬಿನಲ್ಲಿ ಮೂರು ಪೆನ್ನು. ಒಂದು ನೀಲಿ, ಒಂದು ಕಪ್ಪು, ಮೂರನೆಯದು ಬರೆಯದ್ದು. ಆ ಬರೆಯದ ಪೆನ್ನು, "ಸರ್, ಜರಾ ಪೆನ್ ಕೊಡ್ರಿ" ಎಂದು ಕೇಳುವವರಿಗೆ. ಅವರು ಎರಡು ಸಲ ಗೀಚಿ, ಝಾಡಿಸಿ, ತಾವೇ ನಾಚಿಕೊಂಡು ವಾಪಸು ಕೊಡುತ್ತಿದ್ದರು. ಲೈಬ್ರರಿಯನ್ ಆಗಿ ಮೂವತ್ತು ವರ್ಷದಲ್ಲಿ ಒಂದೂ ಪೆನ್ನು ಕಳೆದುಕೊಂಡಿಲ್ಲ ಎಂಬುದು ಅವರ ಹೆಮ್ಮೆ. ಪುಸ್ತಕ ಎಷ್ಟು ಕಳೆದವು ಎಂದು ಯಾರೂ ಕೇಳುತ್ತಿರಲಿಲ್ಲ.

ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಪೆನ್ಸಿಲ್ ಕೆತ್ತುತ್ತಿದ್ದರು. ನಮ್ಮ ಲೈಬ್ರರಿಯ ಪೆನ್ಸಿಲ್‌ಗಳೆಲ್ಲ ಹೆಬ್ಬೆರಳಿನಷ್ಟಿದ್ದವು. ಸಂಸ್ಥೆಯ ಕಾರ್ಯದರ್ಶಿಗಳ ಎದುರು ಮಾತ್ರ ಪೆನ್ಸಿಲ್ ಕೂಡ ಮುಟ್ಟುತ್ತಿರಲಿಲ್ಲ. ಅವರ ಕೋಣೆಯಿಂದ ಹೊರಬರುವಾಗ ಬೆನ್ನು ತೋರಿಸಬಾರದೆಂದು ಹಿಂದೆ ಹಿಂದೆ ನಡೆದು ಒಂದು ಸಲ ಕಸದ ಬುಟ್ಟಿಯೊಳಗೆ ಕಾಲಿಟ್ಟಿದ್ದರು. ಅಂದರೆ ಶೂರರಲ್ಲ. ಅವರಿಗೆ ಒಪ್ಪಿಗೆಯಾಗದ ಮಾತು ಬಂದರೆ "ಇಲ್ಲ" ಎನ್ನುತ್ತಿರಲಿಲ್ಲ. "ಟಿಪ್ಪಣಿ ಬರೀತೇನಿ" ಎನ್ನುತ್ತಿದ್ದರು. ಬರೆಯುತ್ತಲೂ ಇದ್ದರು, ಬಹಳ ಚಂದದ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿನ ಮೇಲೆ ಅವರಿಗೆ ಅಭಿಮಾನ ಎಷ್ಟೆಂದರೆ, ಟಿಪ್ಪಣಿಯನ್ನು ಯಾರೂ ಓದದಿದ್ದರೂ ತಾವೇ ಎರಡು ಸಲ ಓದುತ್ತಿದ್ದರು.

ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ, ಅದರ ಹಿಂದಿನ ವರ್ಷ, ಮುಂದಿನ ವರ್ಷ ನೀವಿನ್ನೂ ಸಣ್ಣವರು. ನಮ್ಮ ಕಾಲೇಜಿನಲ್ಲಿ ಎರಡು ಶೌಚಾಲಯಕ್ಕೆ ಬೀಗ ಹಾಕಿದ್ದರು, ಹಾಸ್ಟೆಲಿಗೆ ಮೂರು ದಿನಕ್ಕೊಂದು ಟ್ಯಾಂಕರ್. ನಾನು ಭಾಲ್ಕಿಯಿಂದ ಎರಡು ಬಾಟಲಿ ನೀರು ತರುತ್ತಿದ್ದೆ, ಒಂದು ನನಗೆ, ಒಂದು ಸರ್ ಚಹಾಕ್ಕೆ. ಔರಾದ ಬಸ್ ಸ್ಟ್ಯಾಂಡಿನಲ್ಲಿ ಹಾಸಿಗೆ ಸುರುಳಿ, ಪಾತ್ರೆ ಚೀಲ, ಒಂದೆರಡು ಕೋಳಿ ಸಮೇತ ಮಂದಿ ಹೈದರಾಬಾದ್ ಬಸ್ಸಿಗೆ ಕಾಯುತ್ತಿದ್ದರು. ಇಟ್ಟಂಗಿ ಭಟ್ಟಿಗೆ ಹೋಗುವವರು ಕೆಲವರು, ಕಬ್ಬು ಕಡಿಯಲು ಹೋಗುವವರು ಕೆಲವರು, ಎಲ್ಲಿಗೆಂದು ಗುತ್ತಿಗೆದಾರನಿಗಷ್ಟೇ ಗೊತ್ತಿದ್ದವರು ಉಳಿದವರು.

ಆ ಬರದ ದಿನಗಳಲ್ಲೇ ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಎರಡು ಠರಾವು ಬಂದವು. ಒಂದು, ಹಾಸ್ಟೆಲಿಗೆ ಬೋರು ಕೊರೆಸುವುದು. ಇನ್ನೊಂದು, ಡಿಜಿಟಲ್ ಭಂಡಾರ ಮಾಡುವುದು. ಸಂಸ್ಥೆಯ ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿನಲ್ಲಿಟ್ಟು, ಯಾರು ಬೇಕಾದರೂ ಎಲ್ಲಿಂದಲಾದರೂ ಹುಡುಕಿ ತೆಗೆಯುವ ವ್ಯವಸ್ಥೆ ಅದು. ಹಳೆಯ ಸ್ಮರಣ ಸಂಚಿಕೆ, ಪ್ರಬಂಧ, ಮುಖ್ಯವಾಗಿ ಹಳ್ಳಿ ಸಾಲಿಗಳ ದಾಖಲಾತಿ ರಜಿಸ್ಟರುಗಳು. ಹೊರಗಿನಿಂದ ತಪಾಸಣೆಗೆ ಬರುವವರು ಇದಕ್ಕೆ ಅಂಕ ಕೊಡುತ್ತಾರಂತೆ. ಬೋರಿಗೆ ಅಂಕ ಇರಲಿಲ್ಲ. ಎರಡನೆಯ ಠರಾವು ಪಾಸಾಯಿತು.

ಸರ್ ಬಹಳ ಹುಡುಕಿ ಒಂದು ಸಾಫ್ಟ್‌ವೇರ್ ಆರಿಸಿದರು. ಅದು ಪುಕ್ಕಟೆ. ಕಾರ್ಯದರ್ಶಿಗಳಿಗೆ ಅಲ್ಲೇ ಸಂಶಯ ಬಂತು.

"ಪುಕ್ಕಟ ಕೊಡ್ತಾರಂದ್ರ ಅದರಾಗ ಯಾನರ ಖೋಟ್ ಇರ್ತದ."

"ಇಲ್ರಿ ಸಾಹೇಬ್ರ, ದೊಡ್ಡ ದೊಡ್ಡ ಯುನಿವರ್ಸಿಟಿಯವರು ಇದನ್ನೇ ಹಾಕ್ಯಾರ."

"ಅವರಿಗಿ ಗತಿ ಇಲ್ಲಂದ್ರ ನಮಗೂ ಇಲ್ಲೇನು?"

ಸರ್ ಟಿಪ್ಪಣಿ ಬರೆದರು. ಬೇರೆಯವರು ದುಡ್ಡು ಕೇಳಿದ ಮೇಲೆ ಪುಕ್ಕಟೆಯದೇ ಇರಲಿ ಎಂದಾಯಿತು.

ಅದನ್ನು ಕಂಪ್ಯೂಟರಿನೊಳಗೆ ಇಳಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅದು ನಡೆಯಲು ಬೇರೆ ಬೇರೆ ಸಾಫ್ಟ್‌ವೇರ್ ಬೇಕಿತ್ತು, ನಮ್ಮ ಕಡೆ ಲಗ್ನಕ್ಕೆ ಬೀಗರನ್ನು ಕರೆದಂತೆ. ಒಬ್ಬರನ್ನು ಕರೆದರೆ, ನಮ್ಮ ಸೋದರಮಾವ ಬರದೆ ನಾವು ಬರುವುದಿಲ್ಲ ಎನ್ನುತ್ತಿತ್ತು. ಸೋದರಮಾವನನ್ನು ತಂದರೆ, ಈ ಮಾವ ಅಲ್ಲ, ಇದಕ್ಕಿಂತ ಹಿರಿಯ ಮಾವ ಬೇಕು ಎನ್ನುತ್ತಿತ್ತು. ಹಿರಿಯ ಮಾವ ಬಂದು ಕೂತೊಡನೆ ಮೊದಲು ಬಂದವರು ಎದ್ದು ಹೋಗುತ್ತಿದ್ದರು. ಸರ್ ಕಾಗದದಲ್ಲಿ ಅಚ್ಚು ಹಾಕಿಸಿದ ಸೂಚನೆಗಳ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಟೈಪು ಹೊಡೆಯುತ್ತಿದ್ದರು. ಕೋಣೆಯ ಕೂಲರಿಗೆ ಹಾಕಲು ನೀರಿರಲಿಲ್ಲ. ಯಂತ್ರ ಕಾದು ನಿಂತುಹೋಗುತ್ತಿತ್ತು. ಕೊನೆಗೆ ಸರ್ ಅದರ ಡಬ್ಬಿಯ ಮುಚ್ಚಳ ಬಿಚ್ಚಿ, ತಮ್ಮ ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿಟ್ಟು, ತಾವು ಸ್ವೆಟರಿನಲ್ಲಿ ಬೆವರುತ್ತ ಕೂತರು. ಏಳನೆಯ ವಾರ ಪರದೆಯ ಮೇಲೆ ಒಂದು ಬೂದು ಬಣ್ಣದ ಪುಟ ಮೂಡಿತು. ಸರ್ ತಟ್ಟೆಗೆ ಚಹಾ ಸುರಿದು, ಕುಡಿಯದೆ, ಅದನ್ನೇ ನೋಡುತ್ತ ಕೂತಿದ್ದರು. ಚಹಾಕ್ಕೆ ಕೆನೆ ಕಟ್ಟಿತು.

"ಇದಕ್ಕ ಎರಡು ಪಾಲು ಅದಾವ್ರಿ" ಎಂದು ನನಗೆ ಹೇಳಿಕೊಟ್ಟರು. "ಹಿಂದಿಂದು ಉಗ್ರಾಣ. ಮುಂದಿಂದು ಪಡಸಾಲಿ. ಬಂದ ಮಂದಿ ಪಡಸಾಲ್ಯಾಗ ಕೂತು ಕೇಳ್ತಾರ, ಒಳಗಿಂದ ತಂದು ಕೊಡ್ತದ. ಈಗ ನೀವು ಕೇಳಿ ನೋಡ್ರಿ. ನಿಮಗ ತಿಳದ್ರ ಯಾರಿಗಾದ್ರೂ ತಿಳೀತದ."

ಇದನ್ನು ನಾನು ಬೈಗುಳ ಎಂದು ತಿಳಿಯಲಿಲ್ಲ. ಪರೀಕ್ಷೆಗೆಂದು ಒಂದು ಹಳೆಯ ರಜಿಸ್ಟರಿನ ಕೆಲವು ಪುಟ ತುಂಬಿದ್ದರು. ನಾನು ಒಬ್ಬ ಹುಡುಗಿಯ ಜನ್ಮ ತಾರೀಖು ಹೊಡೆದೆ, ಜೂನ್ ಒಂದು. ಇಡೀ ಸಾಲಿ ಎದ್ದು ಬಂತು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಆಗಿನ ಮಾಸ್ತರರು ಸಾಲಿಗೆ ಸೇರಿಸುವಾಗ ಎಲ್ಲ ಮಕ್ಕಳಿಗೂ ಜೂನ್ ಒಂದನ್ನೇ ಬರೆಯುತ್ತಿದ್ದರು. ನನ್ನದೂ ಅದೇ, ನಿಮ್ಮ ತಾತನದೂ ಅದೇ. ಸರ್ ಪರದೆ ನೋಡಿದರು, ನನ್ನನ್ನು ನೋಡಿದರು. "ತಾರೀಖಿನಿಂದ ಹುಡುಕೂದು ಬ್ಯಾಡ. ಹೆಸರಿನಿಂದ ಇರ್ಲಿ" ಎಂದರು. ಅವರದೂ ಜೂನ್ ಒಂದೇ ಎಂದು ನಿವೃತ್ತಿಯ ಆದೇಶ ಬಂದಾಗ ಗೊತ್ತಾಯಿತು.

ಸಾಲಿಗಳಿಂದ ರಜಿಸ್ಟರುಗಳು ಬಂದವು. ಠಾಣಾ ಕುಶನೂರಿನದು, ಚಿಂತಾಕಿಯದು, ಇನ್ನಷ್ಟು. ಹೆಸರು ತುಂಬುವ ಕೆಲಸ ನನಗೂ ಮತ್ತೊಬ್ಬ ಗುಮಾಸ್ತೆಗೂ ಬಂತು. ಸರ್ ನಮಗೆ ಕೊಟ್ಟ ಸೂಚನೆ ಒಂದೇ: "ರಜಿಸ್ಟರಿನ್ಯಾಗ ಹ್ಯಾಂಗ ಅದನೋ ಹಾಂಗ. ನಿಮ್ಮ ಶಾಣ್ಯಾತನ ಹಚ್ಚಬ್ಯಾಡ್ರಿ." ನಾವು ಶಾಣ್ಯಾತನ ಹಚ್ಚಲಿಲ್ಲ.

ಆದರೆ ಕೆಲವು ಹೆಸರುಗಳ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಇತ್ತು. ಬಹಳ ದಿನ ಬಾರದ ಮಕ್ಕಳ ಹೆಸರನ್ನು ಮಾಸ್ತರರು ಹಾಗೆ ಹೊಡೆದುಹಾಕಿ ಕೊನೆಯ ಷರಾ ಕಾಲಮ್ಮಿನಲ್ಲಿ ಕಾರಣ ಬರೆಯುತ್ತಿದ್ದರು. ಮಳೆ ಬಂದ ವರ್ಷ ಒಂದೆರಡು ಗೆರೆ. ಬರ ಬಿದ್ದ ವರ್ಷ ಪುಟವೆಲ್ಲ ಕೆಂಪು. ಕಂಪ್ಯೂಟರಿನಲ್ಲಿ ಪ್ರತಿ ಹೆಸರಿನ ಬದಿಗೆ "ತೆಗೆದಿದೆ" ಎಂಬ ಸಣ್ಣ ಚೌಕ ಇತ್ತು. ನಾನು ಸರ್ ಬಳಿ ಹೋಗಿ ಕೇಳಿದೆ.

"ಸರ್, ಕೆಂಪು ಗೆರಿ ಎಳದ ಹೆಸರಿಗಿ ಯಾನ್ ಮಾಡ್ಲಿರಿ?"

ಅವರು ಸಭೆಗೆ ಹೋಗುವ ಅವಸರದಲ್ಲಿದ್ದರು. ತಿರುಗಿ ನೋಡದೆ, "ಹೇಳೀನಲ್ಲ, ಹ್ಯಾಂಗ ಅದನೋ ಹಾಂಗ" ಎಂದರು.

ಗೆರೆ ಇದ್ದ ಹೆಸರಿಗೆಲ್ಲ ಆ ಚೌಕದಲ್ಲಿ ಗುರುತು ಹಾಕಿದೆ. ಒಂದನ್ನೂ ಬಿಡಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆ ಬೂದು ಪುಟದಲ್ಲಿ ನೋಡಿದರೆ, ಅಂಥ ಹೆಸರು ಕೆಂಪು ಅಕ್ಷರದಲ್ಲಿ, ಬದಿಗೆ "ತೆಗೆದಿದೆ" ಎಂದು ಕಾಣುತ್ತಿತ್ತು. ರಜಿಸ್ಟರಿನಲ್ಲಿದ್ದ ಹಾಗೆಯೇ. ಸರ್ ನೋಡಿ ತಲೆಯಾಡಿಸಿದರು.

ಅವರು ಅವಸರದಲ್ಲಿ ಹೋದ ಸಭೆ ಪಡಸಾಲೆಯನ್ನು ಆರಿಸುವ ಸಭೆ. ಅಲ್ಲಿ ಅದಕ್ಕೆ ಮುಖ ಎನ್ನುತ್ತಿದ್ದರು. ಸಾಫ್ಟ್‌ವೇರಿಗೆ ಎರಡು ಮುಖ ಹಾಕಬಹುದಿತ್ತು. ಒಂದು ಅದರ ಜೊತೆಗೇ ಬಂದ ಹಳೆಯದು, ಬೂದು ಬಣ್ಣ, ಒಂದು ಹುಡುಕುವ ಪೆಟ್ಟಿಗೆ, ಕೆಳಗೆ ಪಟ್ಟಿ. ಇನ್ನೊಂದು ಹೊಸದು, ಚಿತ್ರಗಳು ಸರಿಯುತ್ತವೆ, ಮೊಬೈಲಿನಲ್ಲೂ ಚಂದ ಕಾಣುತ್ತದೆ. ನಾನು ಚಹಾ ಕೊಡಲು ಹೋಗುತ್ತಿದ್ದೆನಾದ್ದರಿಂದ ಆ ಸಭೆಗಳ ಮಾತು ನನಗೆ ಗೊತ್ತು.

"ಇದೇನ್ರಿ, ಮುನ್ಸಿಪಾಲ್ಟಿ ನೋಟೀಸ್ ಕಂಡಂಗ ಕಾಣ್ತದ" ಎಂದರು ಒಬ್ಬ ಸದಸ್ಯರು ಬೂದು ಪುಟ ನೋಡಿ.

"ನೆಟ್ ಸ್ಲೋ ಇದ್ದಲ್ಲಿ ಇದೇ ಓಡ್ತದ್ರಿ. ಹಳ್ಳಿ ಮಂದಿಗಿ..." ಎಂದರು ಸರ್.

"ಹಳ್ಳಿ ಮಂದಿ ಎಲ್ಲಿ ಅದಾರ್ರಿ ಈಗ? ಅವರೆಲ್ಲ ಹೈದರಾಬಾದಿನ್ಯಾಗ ಅದಾರ. ಅಲ್ಲಿ ನೆಟ್ ಫಾಸ್ಟ್ ಅದ."

ಎಲ್ಲರೂ ನಕ್ಕರು. ಹೊಸ ಮುಖವೇ ಎಂದಾಯಿತು. ಆಮೇಲೆ ಅದರ ಮೇಲೆ ಅಧ್ಯಕ್ಷರ ಫೋಟೊ ಎಲ್ಲಿ ಬರಬೇಕು, ರುಮಾಲಿನ ಫೋಟೊವೋ ಬರಿದಲೆಯದೋ, ಕಾರ್ಯದರ್ಶಿಗಳ ಫೋಟೊ ಅದಕ್ಕಿಂತ ಎಷ್ಟು ಸಣ್ಣದಿರಬೇಕು ಎಂದು ಎರಡು ತಿಂಗಳು ಸಭೆ ನಡೆಯಿತು. ಹುಡುಕುವ ಪೆಟ್ಟಿಗೆ ಕೆಳಗೆ ಕೆಳಗೆ ಜಾರಿ ಕೊನೆಗೆ ಅಂಗಳಕ್ಕೆ ಬಂತು. ಹೊಸ ಮುಖವನ್ನು ಪೂರ್ತಿ ಪರೀಕ್ಷಿಸಿ ನೋಡಿಲ್ಲ, ಅವಸರ ಬೇಡ ಎಂದು ಸರ್ ಟಿಪ್ಪಣಿ ಬರೆದರು. ಇಂಗ್ಲಿಷ್ ಬಹಳ ಚಂದ ಇತ್ತು.

ಅಷ್ಟರಲ್ಲಿ ಅವರು ಎರಡು ನಿಯಮಗಳನ್ನೂ ಬರೆದು ಪಾಸು ಮಾಡಿಸಿಕೊಂಡಿದ್ದರು. ಒಂದು, ಇನ್ನು ಮುಂದೆ ಯಾವ ಸಾಲಿಯೂ ಹಳೆಯ ರಜಿಸ್ಟರ್ ನೋಡಿ ದಾಖಲಾತಿಯ ನಕಲು ಕೊಡಕೂಡದು, ಪರದೆಯ ಮೇಲೆ ಕಂಡದ್ದನ್ನೇ ಅಚ್ಚು ಹಾಕಿ, ಲೈಬ್ರರಿಯನ್ ಸಹಿ ಮಾಡಿ ಕೊಡಬೇಕು. ಇನ್ನೊಂದು, ಒಪ್ಪಿಗೆಯಾದ ರಜಿಸ್ಟರಿನಲ್ಲಿ ಒಂದು ಹೆಸರು ತಿದ್ದಬೇಕಾದರೂ ಇಡೀ ರಜಿಸ್ಟರ್ ಬಿಚ್ಚಿ, ಎಲ್ಲ ಹೆಸರು ಮತ್ತೆ ನೋಡಿ ಒಪ್ಪಿಗೆ ಕೊಡುವ ತನಕ ಅದು ಹೊರಗೆ ಕಾಣಬಾರದು. ಸಾಫ್ಟ್‌ವೇರನ್ನೂ ಹಾಗೆಯೇ ಬಿಗಿ ಮಾಡಿದ್ದರು. ಎರಡನೆಯ ನಿಯಮ ನಮ್ಮಂಥವರ ಕೈಗೆ ಹೆದರಿ ಮಾಡಿದ್ದು.

ಭಂಡಾರದ ಉದ್ಘಾಟನೆ ಮತ್ತು ಸರ್ ನಿವೃತ್ತಿ ಒಂದೇ ಶನಿವಾರಕ್ಕೆ ಬಂದವು. ಮಂಡಳಿಯವರಿಗೆ ಒಂದೇ ಪೆಂಡಾಲಿನಲ್ಲಿ ಎರಡೂ ಮುಗಿದರೆ ಅನುಕೂಲ. ಆ ವಾರದ ಮಂಗಳವಾರ ಸುಜಾತಾ ಬಂದಳು.

ಸುಜಾತಾ ಚಿಂತಾಕಿಯವಳು. ಇಪ್ಪತ್ತೈದರ ಆಸುಪಾಸು, ನರ್ಸಿಂಗ್ ಓದಿದ ಹುಡುಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಭಾಗದವರಿಗೆ ಮೀಸಲಾದ ಕೆಲಸಕ್ಕೆ ಅವಳ ಹೆಸರು ಬಂದಿತ್ತು. ತಾನು ಈ ಭಾಗದವಳು ಎನ್ನಲು ಕಾಗದ ಬೇಕು. ನಾಲ್ಕನೇ ಇಯತ್ತೆ ತನಕ ಚಿಂತಾಕಿಯ ನಮ್ಮ ಸಾಲಿಯಲ್ಲೇ ಓದಿದವಳು, ಆಮೇಲೆ ಓದಿದ್ದೆಲ್ಲ ತೆಲುಗಿನವರ ಕಡೆ. ಸೋಮವಾರ ಬೀದರಿನಲ್ಲಿ ಕಾಗದಗಳ ಪರಿಶೀಲನೆ. ಅಂದು ತೋರಿಸದಿದ್ದರೆ ಕೆಲಸ ಮುಂದಿನವರಿಗೆ.

ಸರ್ ಹೊಸ ಮುಖ ತೆರೆದು ಅವಳ ಹೆಸರು ಹೊಡೆದರು. ಅಧ್ಯಕ್ಷರು ಬಂದರು, ಕಾರ್ಯದರ್ಶಿಗಳು ಬಂದರು, ಸುಜಾತಾ ಬರಲಿಲ್ಲ. ತಂದೆಯ ಹೆಸರಿನಿಂದ ಹುಡುಕಿದರು. ಅವಳ ತಮ್ಮ ಬಂದ.

"ಇವ ಅದಾನಲ್ಲ."

"ಅವ ಮುದುಕಿ ಆಯಿ ಬಲ್ಲಿ ಊರಾಗೇ ಉಳದಿದ್ದರಿ ಸರ್. ನನಗ ಅಪ್ಪ ಅವ್ವ ಭಟ್ಟಿಗಿ ಕರ್ಕೊಂಡು ಹೋಗಿದ್ರು. ಸಣ್ಣ ತಂಗೀಗಿ ಹಿಡೀಲಾಕ ಒಬ್ಬರು ಬೇಕಿತ್ತು."

"ನೀವು ಇಲ್ಲಿ ಇಲ್ವಲ್ಲವ್ವಾ."

"ಇಲ್ಲೇ ಓದೀನ್ರಿ ಸರ್! ಮಾಸ್ತರ್ ನನ್ನ ಕೈಲೇ ಪ್ರಾರ್ಥನಾ ಹೇಳಸ್ತಿದ್ರು."

ನಾನು ಯಾರೂ ಹೇಳದಿದ್ದರೂ ಕಪಾಟಿಗೆ ಹೋಗಿ ಚಿಂತಾಕಿಯ ರಜಿಸ್ಟರ್ ತಂದು ಬಿಚ್ಚಿದೆ. ಅವಳ ಹೆಸರು ಇತ್ತು, ಅದರ ಮೇಲೆ ಕೆಂಪು ಗೆರೆ. ಅದರ ಮೇಲೆ, ಕೆಳಗೆ, ಮುಂದಿನ ಪುಟದಲ್ಲಿ ಕೆಂಪು ಗೆರೆಗಳೇ. ಸರ್ ಒಂದೊಂದೇ ಹೆಸರು ಹೊಡೆದು ನೋಡಿದರು. ಒಬ್ಬರೂ ಬರಲಿಲ್ಲ. ಹೊಸ ಮುಖಕ್ಕೆ "ತೆಗೆದಿದೆ" ಎಂದರೆ ತೋರಿಸಬೇಡ ಎಂದರ್ಥ. ಉಗ್ರಾಣದಲ್ಲಿ ಎಲ್ಲರೂ ಇದ್ದರು, ಪಡಸಾಲೆಗೆ ಬರಲು ಅಪ್ಪಣೆ ಇರಲಿಲ್ಲ. ಬರಗಾಲಕ್ಕೆ ಊರು ಬಿಟ್ಟ ಮಕ್ಕಳನ್ನೆಲ್ಲ ನಾನು ಬಹಳ ಶಿಸ್ತಿನಿಂದ ಎರಡನೆಯ ಸಲ ಊರು ಬಿಡಿಸಿದ್ದೆ.

"ಸರ್, ಚೌಕಿನ್ಯಾಗ ಗುರುತು ಹಾಕ್ದಾಕಿ ನಾನೇರಿ" ಎಂದೆ. ಧ್ವನಿ ಹೊರಬಂತೋ ಇಲ್ಲವೋ.

ಸರ್ ಪೆನ್ಸಿಲ್ ತೆಗೆದುಕೊಂಡರು. ಕೆತ್ತಲಿಲ್ಲ. "ಹ್ಯಾಂಗ ಅದನೋ ಹಾಂಗ ಅಂದಾಂವ ನಾ. ಮಾರಿ ತಿರುಗಿಸಿ ನೋಡಿದ್ರ ಗೋಣು ಮುರೀತಿರಲಿಲ್ಲ" ಎಂದರು.

ಸುಜಾತಾ ರಜಿಸ್ಟರಿನಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದಳು. "ಇಲ್ಲೇ ಅದಲ್ರಿ ಸರ್, ಇದನ್ನೇ ಝೆರಾಕ್ಸ್ ಮಾಡಿ ಕೊಡ್ರಿ."

"ಕೊಡ್ಲಾಕ ಬರೂದಿಲ್ಲ. ನಿಯಮ ಅದ."

"ಯಾರ್ ಮಾಡ್ಯಾರ್ರಿ ಅಂಥಾ ನಿಯಮ?"

ಸರ್ ಕನ್ನಡಕ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಆಮೇಲೆ ಅವರು ಮೂವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದರು. ಟಿಪ್ಪಣಿ ಬರೆಯದೆ ಸೀದಾ ಕಾರ್ಯದರ್ಶಿಗಳ ಕೋಣೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗೋ ಧೈರ್ಯಕ್ಕೋ ಗೊತ್ತಿಲ್ಲ. ಎರಡಕ್ಕೂ ನಾನು ನಿರುಪಯೋಗಿ. ಹಳೆಯ ಮುಖ ಹಾಕಿದರೆ ಎಲ್ಲರೂ ಕಾಣುತ್ತಾರೆ, ಒಂದು ತಾಸಿನ ಕೆಲಸ ಎಂದು ಹೇಳಿದರು. ಕಾರ್ಯದರ್ಶಿಗಳು ಉದ್ಘಾಟನೆಯ ಆಮಂತ್ರಣ ಪತ್ರಿಕೆ ತೋರಿಸಿದರು. ಅದರ ಮೇಲೆ ಹೊಸ ಮುಖದ ಬಣ್ಣದ ಚಿತ್ರ ಅಚ್ಚಾಗಿತ್ತು.

"ಪತ್ರಿಕಾ ಹಂಚೀವಿ. ಈಗ ಮಾರಿ ಬದಲಿ ಮಾಡ್ಲಾಕ ಬರೂದಿಲ್ಲ."

"ಹೋದ ಮಕ್ಕಳು ಒಬ್ಬರೂ ಕಾಣವಲ್ರು ಸಾಹೇಬ್ರ."

"ಹೋದವ್ರು ಹ್ಯಾಂಗ ಕಾಣ್ತಾರ್ರಿ? ಇದ್ದವ್ರು ಕಾಣ್ತಾರಲ್ಲ, ಸಾಕು. ಶನಿವಾರ ಶಾಲು ಯಾವ ಬಣ್ಣದ್ದು ತರಿಸ್ಲಿ ಹೇಳ್ರಿ ನಿಮಗ."

ಸರ್ ಹೊರಗೆ ಬಂದರು. ಈ ಸಲ ಬೆನ್ನು ತೋರಿಸಿಯೇ ಬಂದರು. ಬೇಕೆಂದೋ ಮರೆತೋ ತಿಳಿಯಲಿಲ್ಲ.

ಉಳಿದದ್ದು ಒಂದೇ ದಾರಿ. ಚಿಂತಾಕಿಯ ರಜಿಸ್ಟರ್ ಬಿಚ್ಚಿ, ಗುರುತು ತೆಗೆದು, ಎಲ್ಲ ಹೆಸರು ಮತ್ತೆ ನೋಡಿ, ಶನಿವಾರ ಸಂಜೆ ಐದೂವರೆಯೊಳಗೆ ಒಪ್ಪಿಗೆ ಕೊಟ್ಟು ಸಹಿ ಮಾಡುವುದು. ಐದೂವರೆಯ ನಂತರ ಅವರು ಲೈಬ್ರರಿಯನ್ ಅಲ್ಲ. ಮುಂದಿನವರು ಇನ್ನೂ ನೇಮಕವಾಗಿರಲಿಲ್ಲ.

ರಜಿಸ್ಟರ್ ಇಟ್ಟಂಗಿಯಷ್ಟು ದಪ್ಪ. ಬರೀ ಗುರುತು ತೆಗೆದಿದ್ದರೆ ಗುರುವಾರಕ್ಕೇ ಮುಗಿಯುತ್ತಿತ್ತು. ಸರ್ ಒಪ್ಪಲಿಲ್ಲ. "ಗುರುತು ತೆಗದ್ರ ಇವರು ಊರು ಬಿಟ್ಟೇ ಇಲ್ಲ ಅಂದಂಗ ಆಗ್ತದ. ಅದೂ ಸುಳ್ಳು. ಮಾಸ್ತರ್ ಬರದ ಷರಾ ಪೂರ್ತಿ ಹೋಗ್ಬೇಕು" ಎಂದರು. ಅವರಿಗೆ ರಜಿಸ್ಟರಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಆದ್ದರಿಂದ ನಾನು ಓದಬೇಕು, ಅವರು ಹೊಡೆಯಬೇಕು. ಫ್ಯಾನಿನ ಸದ್ದಿಗೆ ಮೆಲ್ಲಗೆ ಓದಿದರೆ ಕೇಳುತ್ತಿರಲಿಲ್ಲ. ಜೋರಾಗಿ ಓದಿದೆ. ಲೈಬ್ರರಿಯಲ್ಲಿ ಕೂತ ವಿದ್ಯಾರ್ಥಿಗಳು ತಿರುಗಿ ನೋಡಿದರು. ಅವರೆದುರಿಗೇ ಓದಿದೆ.

ಆ ಚಿಂತಾಕಿಯ ಮಾಸ್ತರರು ಯಾರೋ ನಾನು ಕಂಡವಳಲ್ಲ. ಅವರ ಷರಾಗಳನ್ನು ಮಾತ್ರ ಮರೆತಿಲ್ಲ. "ತಂದೆ ತಾಯಿ ಸಂಗಡ ಭಟ್ಟಿಗೆ." "ಎಮ್ಮೆ ಮಾರಿದ್ದಾರೆ, ಬರುವ ಸಂಭವ ಕಡಿಮೆ." "ಲೆಕ್ಕದಲ್ಲಿ ಚುರುಕು. ಪುಣೆಗೆ ಹೋದನು." "ಮನೆಗೆ ಹೋಗಿ ನೋಡಲಾಗಿ ಬೀಗ." ಒಬ್ಬ ಹುಡುಗನ ಮುಂದೆ, "ಸ್ಲೇಟು ಸಾಲಿಯಲ್ಲೇ ಇದೆ." ಬೇರೆ ಸಾಲಿಯವರೆಲ್ಲ "ಗೈರುಹಾಜರು" ಎಂದು ಒಂದೇ ಮಾತು ಬರೆದ ಕಡೆ ಇವರು ಇಷ್ಟು ಬರೆದಿದ್ದರು.

ಒಂದೊಂದು ಹೆಸರು ಹೊಡೆದ ಮೇಲೆ ಸರ್ ಕೇಳುತ್ತಿದ್ದರು, "ಬಂತಾ?" ನಾನು ಉಗ್ರಾಣದ ಕಡೆಯ ಇನ್ನೊಂದು ಪರದೆಯಲ್ಲಿ ನೋಡಿ, "ಬಂತ್ರಿ" ಎನ್ನುತ್ತಿದ್ದೆ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅವರು "ಬಂದಳಾ?" ಎನ್ನತೊಡಗಿದ್ದರು, ನಾನು "ಬಂದಳ್ರಿ" ಎನ್ನತೊಡಗಿದ್ದೆ. ಯಾವಾಗ ಬದಲಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ನಿಮ್ಮ ಹೆಸರು ಯಾವ ರಜಿಸ್ಟರಿನ್ಯಾಗ ಅದ?" ಎಂದು ಒಮ್ಮೆ ಕೇಳಿದರು.

"ನಮ್ಮದು ಸರ್ಕಾರಿ ಸಾಲಿರಿ. ಅದು ಇನ್ನೂ ಕಪಾಟಿನ್ಯಾಗೇ ಅದ."

"ಹಾಂಗಿದ್ರ ಸುರಕ್ಷಿತ ಅದ" ಎಂದರು.

ಗುರುವಾರ ಮೆಹಕರದಲ್ಲಿರುವ ನಮ್ಮ ಸಂಸ್ಥೆಯ ಸಾಲಿಯ ಹೆಡ್‌ಮಾಸ್ತರರಿಂದ ಒಂದು ಪತ್ರ ಬಂತು. ಈ ವರ್ಷ ಮಳೆ ಇಲ್ಲದೆ ಇಷ್ಟು ಮಕ್ಕಳು ಊರು ಬಿಟ್ಟಿದ್ದಾರೆ, ಅವರ ಹೆಸರಿನ ಮುಂದೆ ಕಂಪ್ಯೂಟರಿನಲ್ಲಿ ಯಾವ ಗುಂಡಿ ಒತ್ತಬೇಕು ತಿಳಿಸಬೇಕಾಗಿ ವಿನಂತಿ ಎಂದಿತ್ತು. ಸರ್ ಅದರ ಕೆಳಗೇ ಉತ್ತರ ಬರೆದರು, ಮೊದಲ ಸಲ ಕನ್ನಡದಲ್ಲಿ: "ಯಾವುದನ್ನೂ ಒತ್ತಬೇಡಿ. ಎಲ್ಲಿಗೆ ಹೋದರು ಎಂದು ಮಾತ್ರ ಬರೆಯಿರಿ."

ಶುಕ್ರವಾರ ಕರೆಂಟು ಅರ್ಧ ದಿನ ಇರಲಿಲ್ಲ. ಶನಿವಾರ ಬೆಳಗ್ಗೆ ಇನ್ನೂ ಹದಿನೇಳು ಪುಟ ಉಳಿದಿದ್ದವು. ಪೆಂಡಾಲಿನಲ್ಲಿ ಮೈಕು ಪರೀಕ್ಷೆ ನಡೆದಿತ್ತು. ಉದ್ಘಾಟಕರು ಬಂದರು, ಗುಂಡಿ ಒತ್ತಿದರು, ಅಧ್ಯಕ್ಷರ ಫೋಟೊ ಸರಿಯಿತು, ಚಪ್ಪಾಳೆ. ಸರ್ ಅವರ ಸೇವೆಯ ಬಗ್ಗೆ ಕಾರ್ಯದರ್ಶಿಗಳು ಮಾತಾಡುತ್ತಿದ್ದಾಗ ಸರ್ ಅಲ್ಲಿರಲಿಲ್ಲ. ಲೈಬ್ರರಿಯಲ್ಲಿ ಕೂತು, "ಮುಂದ?" ಎನ್ನುತ್ತಿದ್ದರು. ಶಾಲು ಹಾಕಲು ಜವಾನನನ್ನು ಕಳಿಸಿ ಕರೆಸಿದರು. ಹೋಗಿ ಶಾಲು ಹಾಕಿಸಿಕೊಂಡು, ಎರಡು ಮಾತಾಡಿ ಎಂದಾಗ "ಕೆಲಸ ಅದ್ರಿ" ಎಂದು ಹೇಳಿ ವಾಪಸು ಬಂದರು. ಮಂದಿ ಅದನ್ನು ವಿನಯ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಹಸಿರು ಶಾಲು ಹೊದ್ದುಕೊಂಡು ಹಾಗೆಯೇ ಹೊಡೆಯುತ್ತ ಕೂತರು.

ಐದು ಗಂಟೆ ದಾಟಿದ ಮೇಲೆ ಕೊನೆಯ ಹೆಸರು ಬಂತು. ಸರ್ ಒಪ್ಪಿಗೆ ಒತ್ತಿದರು. ಹೊರಗೆ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದ ಸುಜಾತಾಳನ್ನು ಒಳಗೆ ಕರೆದು, ಅವಳ ಕೈಯಿಂದಲೇ ಹೆಸರು ಹೊಡೆಸಿದರು. ಅಧ್ಯಕ್ಷರು ಸರಿದರು, ಕಾರ್ಯದರ್ಶಿಗಳು ಸರಿದರು, ಸುಜಾತಾ ಬಂದಳು. ಕೆಳಗೆ ಷರಾ: "ಪಾಲಕರೊಂದಿಗೆ ಭಟ್ಟಿಗೆ ಹೋದ ಪ್ರಯುಕ್ತ ಹೆಸರು ತೆಗೆದಿದೆ. ಬಂದರೆ ಸೇರಿಸಿಕೊಳ್ಳುವುದು."

ಅವಳು ಓದಿದಳು. ಸರ್ ಕಪ್ಪು ಪೆನ್ನಿನಿಂದ ಸಹಿ ಮಾಡಿ ಸಿಕ್ಕಾ ಒತ್ತಿ, ಕಾಗದ ಅವಳ ಕೈಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಜೋರಾಗಿ ಓದಕ್ಕ ಬರ್ತದ ನಿಮಗ" ಎಂದರು. ಎಂಟು ವರ್ಷದ ನಂತರದ ಎರಡನೆಯ ಶಾಭಾಸಕಿ. ಮೂರನೆಯದಕ್ಕೆ ಅವಕಾಶವಿರಲಿಲ್ಲ, ಐದೂವರೆಯಾಯಿತು.

ಉಳಿದ ರಜಿಸ್ಟರುಗಳನ್ನು ಹೊಸ ಲೈಬ್ರರಿಯನ್ ಬಂದ ಮೇಲೆ ನಾನೇ ಒಂದೊಂದಾಗಿ ಬಿಚ್ಚಿಸಿದೆ. ಠಾಣಾ ಕುಶನೂರಿನದು ಮುಗಿಯಲು ಒಂದು ಚಳಿಗಾಲ ಹಿಡಿಯಿತು. ಅದನ್ನು ಯಾರೂ ಉದ್ಘಾಟಿಸಲಿಲ್ಲ.

ಸುಜಾತಾ ಸೋಮವಾರದ ಮಾತು ಹೇಳಲು ಬುಧವಾರ ಬಂದಳು. ಸರ್ ಇಲ್ಲದ್ದರಿಂದ ನಾನು ಅವಳನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಸರ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ನಿವೃತ್ತರಾದವರು ಏನು ಮಾಡುತ್ತಾರೆಂದು ತಿಳಿಯದವರ ಹಾಗೆ ಕೂತಿದ್ದರು.

"ಯಾನಾಯ್ತವ್ವಾ?"

"ಪರಿಶೀಲನಾ ಮಾಡೋ ಸಾಹೇಬ್ರು ಕಾಗದ ನೋಡಿದ್ರು ಸರ್. ಭಾಳ ಹೊತ್ತು ನೋಡಿ, 'ಇದರಾಗ ಹೆಸರು ತೆಗೆದಿದೆ ಅಂತ ಅದಲ್ಲವಾ, ಇದು ನಡಿಯೂದಿಲ್ಲ' ಅಂದ್ರು."

ಸರ್ ಕುರ್ಚಿಯ ಕೈ ಹಿಡಿದುಕೊಂಡರು. ನಾಲ್ಕು ದಿನ ಕೂತು ಷರಾ ತುಂಬಿದವರು ನಾವು. ತುಂಬದೆ ಬಿಟ್ಟಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

"ನೀ ಯಾನಂದಿ?"

"ನಾ ಅಂದೆರಿ, ಸಾಹೇಬ್ರ, ಹೆಸರು ತೆಗೀಬೇಕಂದ್ರ ಮೊದಲ ಅಲ್ಲಿ ಇರಬೇಕಲ್ರಿ. ಇಲ್ಲದವ್ರ ಹೆಸರು ಯಾರ್ ತೆಗೀತಾರ ಅಂದೆ. ಅವರು ಹಿಂದ ಕೂತ ಮೇಡಮ್ಮಿಗಿ ನೋಡಿದ್ರು. ಮೇಡಂ ನಕ್ಕರು. ಸಿಕ್ಕಾ ಹೊಡದು ಕೊಟ್ರು."

ಸರ್ ಇನ್ನೊಮ್ಮೆ ಹೇಳಿಸಿದರು. ಅವಳು ಇನ್ನೊಮ್ಮೆ ಹೇಳಿದಳು. ಆಮೇಲೆ ಕುರ್ಚಿಯ ಕೈ ಬಿಟ್ಟು ನನ್ನ ಕಡೆ ತಿರುಗಿದರು.

"ಅಷ್ಟು ನಿಯಮ ಬರದೀನಿ, ಅಷ್ಟು ಇಂಗ್ಲಿಷ್ ಬರದೀನಿ" ಎಂದರು ನನಗೆ. "ಈ ಒಂದು ಮಾತು ನನಗ ಹೊಳೀಲಿಲ್ಲ ನೋಡ್ರಿ."